ಗ್ಯಾರೇಜುಗಳ ಹಿಂದೆ

ಮಾರ್ಚ್ ಹದಿನೇಳು, ಲುಬ್ಲಿನ್, ಸಂಜೆ ಆರೂಕಾಲು.
ಟ್ರಾಲಿಬಸ್ಸಿನ ಕೊನೆಯ ನಿಲ್ದಾಣದಲ್ಲಿ ಮೂರು ಜನ:
ಇಪ್ಪತ್ತೊಂಬತ್ತು ವರ್ಷ ಇದೇ ಬಸ್ಸು ಓಡಿಸಿ ನಿವೃತ್ತಳಾದ ಬೋಗ್ನಾ,
ಅವಳ ಕೊರಳಲ್ಲಿ ಹಸುವಿನ ಗಂಟೆಯಂತೆ ತೂಗುವ ದುರ್ಬೀನು;
ಹನ್ನೊಂದರ ತಿಮೆಕ್, ಎರಡು ಸ್ವೆಟರಿನೊಳಗೆ ಒಬ್ಬ ಹುಡುಗ;
ಮತ್ತೆ ನಾನು,
ಬೇಕರಿಯ ರಾತ್ರಿಪಾಳಿಗೆ ಇನ್ನೂ ಮೂರು ತಾಸಿರುವವಳು.

ಇಲ್ಲಿಯವರೆಗಿನ ಪಟ್ಟಿ:
ಪಾರಿವಾಳ ಹದಿನಾಲ್ಕು, ಕಾಗೆ ಲೆಕ್ಕಕ್ಕಿಲ್ಲ,
ಗುಬ್ಬಿ, ಒಣಗಿದ ಬೇಲಿಯೊಳಗೆ ಇಡೀ ಒಂದು ಜಗಳ.
ಗೂಬೆಯ ಮುಂದೆ ಖಾಲಿ.
ಮೂರು ವರ್ಷದಿಂದ ಆ ಜಾಗ ಖಾಲಿಯೇ.

"ದೊಡ್ಡದೇನಲ್ಲ, ಮುಷ್ಟಿಗಿಂತ ಒಂದಿಷ್ಟು ಜಾಸ್ತಿ.
ಹುಬ್ಬು ಮಾತ್ರ ಸಿಡುಕು.
ಟಿಕೆಟ್ಟಿಲ್ಲದೆ ಹತ್ತಿದವರನ್ನ ಕನ್ನಡಿಯಲ್ಲಿ
ನಾನು ನೋಡ್ತಿದ್ದೆನಲ್ಲ, ಹಾಗೆ"
ಬೋಗ್ನಾ ಹುಬ್ಬು ಗಂಟಿಕ್ಕಿ ತೋರಿಸಿದಳು.
ಹಾಲಕ್ಕಿಯ ದೂರದ ದಾಯಾದಿ.
ಅದರ ಕೂಗೇ ಅದರ ಹೆಸರು ಇಲ್ಲಿ. ಪುಯ್ಚ್, ಪುಯ್ಚ್:
ಬಾ, ಬಾ ಎಂದರ್ಥ. ಎಲ್ಲಿಗೆ? ಇಗರ್ಜಿ ಪಕ್ಕದ ಗುಂಡಿಗೆ.
ರೋಗಿಗೆ ಕೇಳಿಸದಿರಲೆಂದು ಅಜ್ಜಿಯರು
ಕಿಟಕಿಗೆ ಕಂಬಳಿ ಕಟ್ಟುತ್ತಿದ್ದರಂತೆ.

ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಹಕ್ಕಿ ಬರುತ್ತದೆ.
ರಾತ್ರಿಯಿಡೀ ದೀಪ ಉರಿಯುವುದು ಯಾರ ಮನೆಯಲ್ಲಿ, ಹೇಳಿ?
ಸಾವು ಬಂದದ್ದು ಎದೆಗೂಡಿನೊಳಗಿಂದ,
ಗೂಬೆ ಕೂರಿಸಿದ್ದು ಗೂಬೆಯ ಮೇಲೇ.

ಗ್ಯಾರೇಜುಗಳ ಸಾಲು. ತುಕ್ಕು ಹಿಡಿದ ಬಾಗಿಲು, ಒದ್ದೆ ರಟ್ಟು,
ಯಾರೋ ಬಿಟ್ಟುಹೋದ ಸೋಫಾದ ಸ್ಪ್ರಿಂಗು.
ಒಂಬತ್ತನೆಯದರ ಹಿಂದೆ ತಿಮೆಕ್ ಕುಕ್ಕರಗಾಲಲ್ಲಿ ಕೂತ.
ಬೂದುಬಣ್ಣದ ಉಂಡೆ, ಹೆಬ್ಬೆರಳಷ್ಟು,
ಉಂಡವರು ಉಗುಳಿಹೋದ ಊಟದ ಲೆಕ್ಕ.
ಕಡ್ಡಿಯಿಂದ ಬಿಡಿಸಿದ: ಜೀರುಂಡೆಯ ಮಿರುಗುವ ಚಿಪ್ಪು,
ಇಲಿಯ ದವಡೆ, ಹಲ್ಲು ಸಮೇತ,
ಅಕ್ಕಿನುಚ್ಚಿಗಿಂತ ಸಣ್ಣ ಹಲ್ಲು.
"ಇನ್ನೂ ಹಸಿಯಿದೆ" ಎಂದ,
ಪೂಜೆಯ ನಡುವೆ ಮಾತಾಡಿದವನ ಹಾಗೆ ದನಿ ಇಳಿಸಿ.

ಮೊಬೈಲಿನಿಂದ ಕೂಗು ಹಚ್ಚಿದೆವು.
ಒಂದು ಸಲ. ಏನಿಲ್ಲ.
ಇನ್ನೊಂದು ಸಲ. ಯಾರದೋ ನಾಯಿ.
ಮತ್ತೊಂದು ಸಲಕ್ಕೆ ಮೂರನೆಯ ಮಹಡಿಯ ಕಿಟಕಿ ತೆರೆಯಿತು:
ಬನಿಯನ್ನಿನಲ್ಲಿ, ಬೀಗ ರಿಪೇರಿಯ ಮುದುಕ ವಿಂತ್ಸೆಂತಿ.
"ಆರಿಸ್ರೋ ಅದನ್ನ."

ಹೋದ ವರ್ಷ ಇದೇ ತಿಂಗಳು ಆ ಕಿಟಕಿಯ ದೀಪ
ನಲವತ್ತು ರಾತ್ರಿ ಆರಿರಲಿಲ್ಲ.
ನಮಗೆ ಗೊತ್ತಿತ್ತು. ಮರೆತಿದ್ದೆವು.
ಬೋಗ್ನಾ ದುರ್ಬೀನನ್ನು ಕೋಟಿನೊಳಗೆ ಅಡಗಿಸಿದಳು.
ಕ್ಷಮಿಸಿ ಅನ್ನಲು ನಾನು ಬಾಯಿ ತೆರೆದಿದ್ದೆ,

"ಅದು ಗಂಡಿನ ಕೂಗು" ಎಂದರು ಅವರು.
"ಇಲ್ಲಿರೋದೂ ಗಂಡೇ. ಬೇರೆಯವನು ಬಂದ ಅಂತ
ಸುಮ್ಮನೆ ಊಟ ಬಿಟ್ಟು ಕೂರ್ತಾನೆ."

ಆಮೇಲೆ ಸಿಗರೇಟು ಹಚ್ಚಲು ಒಂದಿಷ್ಟು ಹೊತ್ತು.
"ಎವ್ಲಾಲಿಯಾ ಎಣಿಸ್ತಿದ್ದಳು, ನಿದ್ದೆ ಬರದಾಗ.
ಒಂದು ರಾತ್ರಿ ಇನ್ನೂರ ಆರು.
ಕಂಬಳಿ ಕಟ್ಟೋಕೆ ಹೋದೆ. ಬೇಡ ಅಂದಳು.
ಬಾ ಅನ್ನೋರು ಒಬ್ಬರಾದ್ರೂ ಇರಲಿ ಬಿಡು ಅಂದಳು."

ಸಿಗರೇಟಿನ ಕಿಡಿ ಕತ್ತಲಲ್ಲಿ ಬೆರಳಾಗಿ ತೋರಿಸಿತು:
"ಚಿಮಣಿ ಅಲ್ಲ. ಅದರ ಎಡಕ್ಕೆ. ಇನ್ನೂ ಎಡಕ್ಕೆ."
ಇಟ್ಟಿಗೆ ಎಂದುಕೊಂಡದ್ದು ಕತ್ತು ತಿರುಗಿಸಿತು.
ಒಮ್ಮೆ ತಗ್ಗಿ ಒಮ್ಮೆ ನಿಗುರಿ
ನಮ್ಮ ಮೂವರನ್ನೂ ನೋಡಿತು.
ನಮ್ಮ ಹತ್ತಿರ ಟಿಕೆಟ್ಟಿರಲಿಲ್ಲ.

ತಿಮೆಕ್ ನೋಟುಬುಕ್ಕು ತೆರೆದ. ಗೂಬೆ: ಒಂದು.
ಸ್ಥಳ ಎಂದಲ್ಲಿಗೆ ಪೆನ್ಸಿಲು ನಿಂತಿತು.
ಬೋಗ್ನಾ ತಲೆಯಾಡಿಸಿದಳು, ಬೇಡ.
ನಾಳೆ ಕ್ಯಾಮೆರಾಗಳ ಜಾತ್ರೆಯಾಗುತ್ತದೆ.
ಹುಡುಗ ಯೋಚಿಸಿ "ಎಡಕ್ಕೆ" ಎಂದು ಬರೆದ.

ನಾನು ಹಿಟ್ಟು ನಾದುವ ಹೊತ್ತಿಗೆ ಹತ್ತಾಗಿತ್ತು.
ಅಲ್ಲಿಂದ ಬೇಕರಿಗೆ ನಾಲ್ಕು ಕಿಲೋಮೀಟರು,
ಯಂತ್ರದ ಗದ್ದಲದಲ್ಲಿ ಪಕ್ಕದವಳ ಮಾತೇ ಕೇಳಿಸದು.
ಆದರೂ ಎರಡು ಸಲ
ಯಂತ್ರ ನಿಲ್ಲಿಸಿದೆ.