ಸುಂಕದವನ ಮುಂದೆ

ಹೆಗ್ಯೆಶ್‌ಹಾಲೊಮ್ ಗಡಿಕಟ್ಟೆಯಲ್ಲಿ ಹತ್ತೊಂಬತ್ತು ವರ್ಷ
ಡಿಕ್ಕಿ ತೆರೆಸಿದವನು ನಾನು, ಗೆದೆಯೋನ್.
ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ;
ಹೇಳುತ್ತಿದ್ದರು, ಪಾಪ, ಎಲ್ಲರೂ ಹೇಳುತ್ತಿದ್ದರು.
ಕೇಳಿಸಿಕೊಳ್ಳುವುದು ನನ್ನ ಸಂಬಳದಲ್ಲಿ ಸೇರಿರಲಿಲ್ಲ.

ಎಂಬತ್ತೈದನೆಯ ಇಸವಿಯ ಹೊತ್ತಿಗೆ
ಕಾಫಿಪುಡಿ, ಜೀನ್ಸು, ಬಾಳೆಹಣ್ಣು ಹಿಂದೆ ಬಿದ್ದು
ಸೀಟಿನಡಿಯಿಂದ ಕೀಲಿಮಣೆಗಳು ಹೊರಬರತೊಡಗಿದವು.
ಪಾಸ್‌ಪೋರ್ಟು ಬೇಕಿರಲಿಲ್ಲ ನನಗೆ,
ಬಚ್ಚಿಟ್ಟದ್ದನ್ನು ನೋಡಿ ಊರು ಹೇಳುತ್ತಿದ್ದೆ.

ಪೋಲೆಂಡಿನ ಲಾರಿಯವನಾದರೆ
ಸ್ಟೆಪ್ನಿಯ ಹೊಟ್ಟೆಯಲ್ಲಿ ಅಟಾರಿ.
ಬ್ರಾಟಿಸ್ಲಾವಾದ ಕಡೆಯವರದು ಸ್ಪೆಕ್ಟ್ರಮ್, ರಬ್ಬರು ಗುಂಡಿಯದು,
ಎಷ್ಟು ಪುಟ್ಟದೆಂದರೆ ಒಬ್ಬ ಪಿಟೀಲು ಮೇಷ್ಟ್ರು
ಕೋಟಿನ ಬೆನ್ನೊಳಗೆ ಹೊಲಿಸಿಕೊಂಡು ಬಂದು
ಬಿದ್ದ ಟೋಪಿ ಹೆಕ್ಕಲು ಬಗ್ಗಲಾಗದೆ ಸಿಕ್ಕಿಬಿದ್ದ.
ನಮ್ಮವರದೋ, ಕಮೋಡೋರ್.
ಬರೀ ಕಮೋಡೋರ್.

ಏಕೆಂದು ನನ್ನ ಪಾಳಿಯ ಲೋರಾಂಟನನ್ನು ಕೇಳಿದೆ.
"ಜರ್ಮನರು ಮೆಚ್ಚಿದ್ದಾರಂತೆ, ಅದಕ್ಕೆ" ಎಂದ.
ಅದಲ್ಲ. ಆಮೇಲೆ ಹೊಳೆಯಿತು:
ನಮ್ಮಮ್ಮ ಬ್ರೆಡ್ಡಿನ ಹುಳಿಹಿಟ್ಟಿಗೆಂದು
ಎಂದೂ ಅಂಗಡಿಗೆ ಹೋದವಳಲ್ಲ,
ಬೇಲಿಯಾಚೆಗೆ ಬಟ್ಟಲು ಚಾಚುತ್ತಿದ್ದಳು.
ಯಂತ್ರವೂ ಹಾಗೆಯೇ. ಎದುರುಮನೆಯಲ್ಲಿ ಯಾವುದಿದೆಯೋ
ನಿಮ್ಮ ಮನೆಯಲ್ಲೂ ಅದೇ ಇರಬೇಕು;
ಇಲ್ಲದಿದ್ದರೆ ಕ್ಯಾಸೆಟ್ಟು ಯಾರ ಹತ್ತಿರ ಕಡ ಕೇಳುತ್ತೀರಿ?
ಒಬ್ಬ ತಂದ ಹೆಪ್ಪು, ಕೇರಿಗೆಲ್ಲ ಮೊಸರು.

ನನ್ನ ತತ್ವ ಇಷ್ಟೇ. ಯಾರೂ ಕೇಳಲಿಲ್ಲ, ಹೇಳಲೂ ಇಲ್ಲ.

ನವೆಂಬರಿನ ಒಂದು ರಾತ್ರಿ ನೀಲಿ ಹೊಗೆ ಕೆಮ್ಮುತ್ತ
ಒಂದು ಟ್ರಬಾಂಟ್ ಬಂದು ನಿಂತಿತು.
ಸ್ಟೀರಿಂಗಿನಲ್ಲಿ ಪಿರೋಷ್ಕಾ ಎಂಬಾಕೆ,
ಗ್ಯೋರಿನ ಬಿಸ್ಕತ್ತು ಕಾರ್ಖಾನೆಯ ಕೆಲಸದವಳು.
ಹಿಂದಿನ ಸೀಟಿನಲ್ಲಿ, ಬಿಳಿ ಬಟ್ಟೆ ಸುತ್ತಿದ ಉಬ್ಬೊಂದನ್ನು
ದಿಂಬು ಮಾಡಿಕೊಂಡು ಮಲಗಿದ್ದ ಹುಡುಗ.
ಹುಸಿನಿದ್ದೆ. ರೆಪ್ಪೆ ಅದುರುತ್ತಿತ್ತು.

"ಏನದು?"
"ಬ್ರೆಡ್ಡು."
"ವಿಯೆನ್ನಾದಿಂದ ಬ್ರೆಡ್ಡೇ?"
"ಅಲ್ಲಿಯದು ಬೇಗ ಒಣಗುವುದಿಲ್ಲ, ಸಾರ್."

ಬೆರಳ ಗೆಣ್ಣಿನಿಂದ ತಟ್ಟಿದೆ.
ಚೆನ್ನಾಗಿ ಬೆಂದ ಬ್ರೆಡ್ಡು ತಳ ತಟ್ಟಿದರೆ ಟೊಳ್ಳು ಸದ್ದು ಕೊಡುತ್ತದೆ.
ಇದೂ ಕೊಟ್ಟಿತು.
ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಬಹುದಿತ್ತು.
ಆದರೆ ಬೆನ್ನ ಹಿಂದೆಯೇ ನಿಂತಿದ್ದರು ಮೇಲಧಿಕಾರಿ,
ಅವರ ಸಿಗರೇಟಿನ ವಾಸನೆ ನನ್ನ ಕತ್ತಿಗೆ ತಾಗುತ್ತಿತ್ತು.

ಇಲ್ಲ. ಇಷ್ಟು ವರ್ಷ ಹಾಗೆ ಹೇಳಿಕೊಂಡು ಬಂದೆ.
ಅವರು ಒಳಗೆ ಹೀಟರಿನ ಮುಂದೆ ಕಾಲು ಚಾಚಿ ಕೂತಿದ್ದರು.

ರಸೀದಿ ಬರೆದೆ. ತಾಯಿಯ ಹೆಸರು, ಕಾರಿನ ನಂಬರು, ಸರಕು ಒಂದು.
ಹುಡುಗ ಅಳಲಿಲ್ಲ. ಎದ್ದು ಕೂತು
ಕಾಲುಚೀಲದಿಂದ ಒಂದು ಕ್ಯಾಸೆಟ್ಟು ತೆಗೆದ,
ಅಂಗಡಿಯಲ್ಲಿ ಹಾಕಿ ನೋಡಲೆಂದು ಮನೆಯಿಂದ ಒಯ್ದದ್ದಂತೆ.
"ಇದನ್ನೂ ಇಟ್ಟುಕೊಳ್ಳಿ.
ಇದಿಲ್ಲದಿದ್ದರೆ ಅದಕ್ಕೆ ಏನೂ ಬರುವುದಿಲ್ಲ" ಎಂದ,
ಕೂಸನ್ನು ಬೇರೆಯವರ ಕೈಗೊಪ್ಪಿಸುವವರಂತೆ.

ಯಂತ್ರ ಹರಾಜಿಗೆ ಹೋಯಿತು.
ಕ್ಯಾಸೆಟ್ಟಿಗೆ ರಸೀದಿಯಲ್ಲಿ ಕಾಲಂ ಇರಲಿಲ್ಲ,
ಜೇಬಿಗೆ ಇಳಿಯಿತು.

ಈಗ ಗಡಿಕಟ್ಟೆಯ ಚಾವಣಿಯಡಿ ಹುಲ್ಲು.
ಕಾರುಗಳು ವೇಗ ಕೂಡ ತಗ್ಗಿಸುವುದಿಲ್ಲ.
ಹಳೆಯ ಟೇಪ್ ರೆಕಾರ್ಡರಿಗೆ ಹಾಕಿ ಕೇಳುತ್ತೇನೆ ಒಮ್ಮೊಮ್ಮೆ:
ಮೊದಲು ನೀಳವಾದ ಸಿಳ್ಳೆ, ಆಮೇಲೆ
ಕಾದ ಎಣ್ಣೆಗೆ ಸೇರುಗಟ್ಟಲೆ ಸಾಸಿವೆ ಸುರಿದ ಸದ್ದು.
"ಇದು ಯಾವ ದೇಶದ ಭಾಷೆ, ತಾತ?" ಮೊಮ್ಮಗಳು ಕೇಳಿದಳು.
"ಎದುರುಮನೆಯವರದು."

ನಾಲ್ಕು ನಿಮಿಷ. ಆಮೇಲೆ ಮೌನ.
ಹಳೆಯ ಟೇಪು, ಪೂರ್ತಿ ಅಳಿಸಿರಲಿಲ್ಲ.
ಕೊನೆಯಲ್ಲಿ, ಒಳಮನೆಯಿಂದೆಲ್ಲೋ, ಹೆಣ್ಣಿನ ದನಿ
ನಾನು ರಸೀದಿಯಲ್ಲಿ ಬರೆಯದ ಹೆಸರು ಹಿಡಿದು ಕೂಗುತ್ತದೆ:
"ಚೊಂಗೋರ್, ಸಾಕು ಬಾ,
ಬ್ರೆಡ್ಡು ಆರಿಹೋಗುತ್ತೆ."