ಕತ್ತರಿಸದ ತಾರೀಕು

ನನ್ನ ಕೆಲಸ ಹಲ್ಲು ಕೀಳುವುದು.
ಹೆದ್ದಾರಿಯ ತಿರುವಿನಲ್ಲಿ, ಇಲಾಖೆಯ ಕಿತ್ತಳೆ ಫಲಕದ ಕೆಳಗೆ
ಇಕ್ಕಳ ಹಿಡಿದು ನಿಲ್ಲುತ್ತೇನೆ ಅಕ್ಟೋಬರ್ ಪೂರ್ತಿ.
ಪಿಕಪ್ಪು ನಿಲ್ಲುತ್ತದೆ. ಹಿಂದೆ ಮಲಗಿರುತ್ತದೆ ಎಲ್ಕ್:
ಕುದುರೆಯಷ್ಟು ಮೈ, ಜಿಂಕೆಯಷ್ಟು ನಾಚಿಕೆ.
ಮುಂದಿನ ಹಲ್ಲೊಂದನ್ನು ಕಿತ್ತು ಲಕೋಟೆಗೆ ಹಾಕುತ್ತೇನೆ.
ಸೀಳಿ ನೋಡಿದರೆ, ಮರದ ಹಾಗೆ,
ಅದರಲ್ಲೂ ವರ್ಷಗಳು ಸುತ್ತಿಕೊಂಡಿರುತ್ತವೆ.

ಹೋದ ವರ್ಷ ನೂರ ಆರು ಲಕೋಟೆ.
ಈ ವರ್ಷ, ಇವತ್ತಿಗೆ, ಹನ್ನೊಂದು.

ಅಪ್ಪನ ಕಾಲಕ್ಕೆ ನಿಯಮವೆಂದರೆ ಒಂದೇ ಹಾಳೆ,
ಮಡಚಿ ಟೋಪಿಯೊಳಗೆ ಇಟ್ಟುಕೊಳ್ಳುತ್ತಿದ್ದ.
ಟ್ಯಾಗು ಬೇಕೆಂದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ
ಮೊಳೆ, ಹಗ್ಗ, ಬ್ಯಾಟರಿಯ ಜೊತೆ
ಅದನ್ನೂ ಒಂದು ಕಟ್ಟಿಸಿಕೊಂಡು ಬರುವುದು.
ಈಗ ತೊಂಬತ್ತಾರು ಪುಟ. ನಕ್ಷೆ. ನಕ್ಷೆಗೆ ಅಡಿಟಿಪ್ಪಣಿ.
ಗಂಡಾದರೆ ಕೊಂಬಿಗೆ ನಾಲ್ಕು ಕವಲಿರಬೇಕು,
ಹೆಣ್ಣಾದರೆ ತೊರೆಯ ಈ ದಂಡೆಯದಾಗಿರಬೇಕು,
ಯಾವುದಾದರೂ ಚೀಟಿ ಎತ್ತಿದಾಗ ನಿನ್ನ ಹೆಸರು ಬಂದಿರಬೇಕು.

ಆರಿನ್ ಹ್ಯಾಸ್ಕೆಟ್‌ನ ಹೆಸರು ಬರಲಿಲ್ಲ.
ನಲವತ್ತಾರು ವರ್ಷ ಅಂಗಡಿಯಿಂದ ಕೊಂಡವನ ಖಾತೆಯಲ್ಲಿ
ಕೂಡಿಟ್ಟ ಅಂಕ ಸೊನ್ನೆ.
ಕಂಪ್ಯೂಟರಿಗೆ ಅವನೂ ಹೊಸಬ,
ಮೊನ್ನೆ ಫೀನಿಕ್ಸಿನಿಂದ ಬಂದು ಬೂಟು ಕೊಂಡವನೂ ಹೊಸಬ.
"ಅಂಗಡಿಯ ಮಾಂಸ ತಿನ್ನುವುದನ್ನು ಈ ವಯಸ್ಸಿಗೆ ಕಲಿಯಬೇಕು" ಎಂದ.
ಬಯ್ಯಲಿಲ್ಲ.
ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಯಾಕೆಂದರೆ ಲೆಕ್ಕವೂ ನನಗೆ ಗೊತ್ತು.
ಫೆಬ್ರವರಿಯಲ್ಲಿ ಹೆಲಿಕಾಪ್ಟರಿನಿಂದ ಎಣಿಸಿದವಳು ನಾನೇ:
ನೂರು ತಾಯಂದಿರಿಗೆ ಹದಿನಾಲ್ಕು ಕರು.
ದೊಡ್ಡ ಹೆಜ್ಜೆಯ ಪಕ್ಕ ಚಿಕ್ಕದಿರಬೇಕಾದ ಕಡೆ
ಬರೀ ಹಿಮ.

ಮಂದೆಯೋ, ತೊಂಬತ್ತಾರು ಪುಟವನ್ನೂ ಓದಿ ಮುಗಿಸಿದೆ.
ಬೇಟೆ ಶುರುವಾದ ದಿನದಿಂದ, ಕತ್ತಲಾದ ಮೇಲೆ,
ಕೊರಳಪಟ್ಟಿ ಇಪ್ಪತ್ತೇಳರ ಮುದುಕಿಯ ಹಿಂದೆ
ಹೆದ್ದಾರಿ ದಾಟಿ ಟಿಲ್‌ಮನ್ ವೀಸ್‌ನ ಬೇಲಿ ಹಾರುತ್ತದೆ.
ಅಲ್ಲಿ ಯಾರೂ ಗುಂಡು ಹಾರಿಸುವಂತಿಲ್ಲ.
ಅಲ್ಲಿ ಅವನ ಹುಲ್ಲಿನ ಬಣವೆಗಳು.
ಬೆಳಿಗ್ಗೆ ಫೋನ್ ಮಾಡಿ ಕೂಗುತ್ತಾನೆ,
ಆ ಪುಸ್ತಕ ಬರೆದವಳು ನಾನೇ ಎಂಬಂತೆ.
ಅವನದೂ ಸುಳ್ಳಲ್ಲ. ಬಣವೆಗಳ ಬುಡ ಸವೆದು
ಅಣಬೆಗಳ ಹಾಗೆ ನಿಂತಿವೆ.

ನಾಲ್ಕನೆಯ ದಿನ ಆರಿನ್ ಬಂದ, ಮೊಮ್ಮಗಳು ಜೂನೊ ಜೊತೆ.
ಅವಳಿಗೆ ಹದಿಮೂರು. ಮಕ್ಕಳ ಪಾಲಿನಲ್ಲಿ ಚೀಟಿ ಬಂದಿತ್ತು:
ಒಂದು ಹೆಣ್ಣು, ತೊರೆಯ ಈ ದಂಡೆ.
ಬಂದೂಕು ಅವಳ ಭುಜದಲ್ಲಿ. ಅವನ ಕೈಯಲ್ಲಿ ಫ್ಲಾಸ್ಕು ಮಾತ್ರ,
ಇನ್ನೊಂದು ಕೈಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಸಂಜೆ ಮರಳಿದಾಗ ಟ್ರಕ್ಕಿನ ಹಿಂದೆ ಏನೂ ಇಲ್ಲ.
ಸಿಕ್ಕಿತ್ತು, ಎಂದಳು. ಎಪ್ಪತ್ತು ಗಜ.
ಆ ದಂಡೆಯಿಂದ ನೀರು ಕುಡಿಯುತ್ತಿತ್ತು,
ಮುಂಗಾಲೆರಡೂ ತೊರೆಯಲ್ಲಿ.
ನೀರು ಯಾವ ದಂಡೆ?
ತಾತ ಪುಸ್ತಕ ತೆಗೆದ. ಕನ್ನಡಕ ಹುಡುಕಿದ.
ಅಷ್ಟರಲ್ಲಿ ಹೊತ್ತು ಮುಳುಗಿತು.

ನನಗೆ ಗೊತ್ತು, ಪುಟ ಅರವತ್ತೊಂದು:
ಗಡಿಯೆಂದರೆ ತೊರೆಯ ನಡುಗೆರೆ.
ಹೇಳಲಿಲ್ಲ. ಕಾಫಿ ಬಗ್ಗಿಸಿಕೊಟ್ಟೆ.

ಪ್ರಾಣಿ ಬಿದ್ದ ಕೂಡಲೆ ಟ್ಯಾಗಿನ ಅಂಚಿನಲ್ಲಿ ಚಾಕು ಹಾಕಿ
ತಾರೀಕನ್ನು ಕತ್ತರಿಸಿ ತೆಗೆಯಬೇಕು,
ತಿಂಗಳಿಗೊಂದು ತ್ರಿಕೋನ, ದಿನಕ್ಕೊಂದು.
ಜೂನೊ ತನ್ನದನ್ನು ಮೇಜಿನ ಮೇಲಿಟ್ಟು ಸವರಿದಳು.
ಹನ್ನೆರಡು ತಿಂಗಳು, ಮೂವತ್ತೊಂದು ದಿನ,
ಎಲ್ಲೂ ಮುಕ್ಕಾಗಿರಲಿಲ್ಲ.
"ನನ್ನದೊಂದು ಕಿತ್ತುಕೋ" ಎಂದು ಆರಿನ್ ಬಾಯಿ ತೆರೆದ,
"ನಿನ್ನ ಲಕೋಟೆ ಖಾಲಿ ಹೋಗದಿರಲಿ."
ನಕ್ಕೆವು, ಸ್ವಲ್ಪ ಹೆಚ್ಚೇ.

ಹೊರಟವನು ದೀಪ ಹಾಕಿ, ತಟ್ಟನೆ ಆರಿಸಿದ.
ರಸ್ತೆಯ ನಡುವೆ ಇಪ್ಪತ್ತೇಳು.
ಅವಳ ಹಿಂದೆ ಡಾಂಬರಿನ ಮೇಲೆ ಗೊರಸು, ಗೊರಸು,
ನಡುವೆ ಎಲ್ಲೋ ಹಗುರ ಗೊರಸೂ ಇದ್ದ ಹಾಗೆ.
ಮೂವತ್ತೊಂದು, ಎಂದಳು ಜೂನೊ.
ಮೂವತ್ತಮೂರು, ಎಂದ ಆರಿನ್.
ನನ್ನ ಹಾಳೆಯಲ್ಲಿ
ಕೇಳಿಸಿದ್ದನ್ನು ಬರೆಯುವ ಕಾಲಂ ಇಲ್ಲ.