ಕಡಲಿಗೆ ಬೆನ್ನು ತೋರಬಾರದು

ಮೊದಲ ಚಳಿಗಾಲ ಪೂರ್ತಿ
ಡೊಸಿಂಡಳ ಮುಖವನ್ನೇ ನಾನು ಕಾಣಲಿಲ್ಲ.
ಕಂಡದ್ದು ಒಂದು ಕಿವಿ, ಉಪ್ಪು ಕಟ್ಟಿದ ಕಪ್ಪು ಟೋಪಿ,
ಏನು ಕೇಳಿದರೂ ಪಡುವಣಕ್ಕೇ ನೆಟ್ಟ ಗದ್ದ.

ಗಲೀಷಿಯಾದ ಈ ಅಂಚಿನಲ್ಲಿ
ನೀರಿಳಿದ ಎರಡು ಗಂಟೆ ಮಾತ್ರ ನಮ್ಮದು.
ಸೊಂಟಕ್ಕೆ ಹಗ್ಗ, ಕೈಯಲ್ಲಿ ಚಪ್ಪಟೆ ಉಳಿ,
ಅಲೆ ಬಡಿಯುವ ಕಡೆಯೇ ದಪ್ಪಗೆ ಬೆಳೆಯುವ ಪೆರ್ಸೆಬೆ,
ಮುದಿ ಆಮೆಯ ಬೆರಳಿನಂಥದ್ದು, ಉಗುರು ಸಮೇತ.
ಕ್ರಿಸ್‌ಮಸ್ ವಾರದಲ್ಲಿ ಒಂದು ಕಿಲೋ ಮಾರಿದರೆ
ನನ್ನ ತಿಂಗಳ ಬಾಡಿಗೆಯ ಕಾಲುಭಾಗ.

ನಾಲ್ವರು ಕೀಳುತ್ತೇವೆ, ಒಬ್ಬಳು ನೋಡುತ್ತಾಳೆ.
ನೋಡುವವಳಿಗೂ ಸಮಪಾಲು.
ಅದೇ ನನ್ನ ಹೊಟ್ಟೆ ಉರಿಸಿದ್ದು.

ಚೀಲ ಎತ್ತಿ ತೋರಿಸಿದೆ, ಇಷ್ಟು ಸಿಕ್ಕಿತು ಎಂದೆ.
ಹಾಂ ಇಲ್ಲ, ಹೂಂ ಇಲ್ಲ.
ಬೆರಳು ಸೀಳಿ ರಕ್ತ ಬಂದ ದಿನ
"ಮೇಲೆ ಬಾ" ಎಂದಳು, ಅಲೆಗೆ ಹೇಳುವಂತೆ.
ದೊಡ್ಡಸ್ತಿಕೆ, ಅಂದುಕೊಂಡೆ.
ಅಮ್ಮನ ಮೇಲಿನ ಸಿಟ್ಟು ನನ್ನ ಮೇಲೆ, ಅಂದುಕೊಂಡೆ.
ಅಂದುಕೊಂಡದ್ದಕ್ಕೆ ತಕ್ಕ ಹಾಗೆ
ಅವಳ ಬೆನ್ನೂ ದಿನದಿಂದ ದಿನಕ್ಕೆ ಅಗಲವಾಯಿತು.

ಅಮ್ಮನ ಕಥೆ ಇಷ್ಟು:
ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಬಂಡೆ.
"ಅವಳು ತಡವಾಗಿ ಕೂಗಿದಳು."
ಡೊಸಿಂಡಳದ್ದೂ ಅಷ್ಟೇ ಉದ್ದ:
"ಅವಳು ತಡವಾಗಿ ಕೇಳಿಸಿಕೊಂಡಳು."
ನಡುವೆ ಒಂದು ಅಲೆ, ಒಂದು ಮುರಿದ ಮೊಣಕಾಲು.
ಊರಿಗೆ ಇರುವುದೊಂದೇ ಬ್ರೆಡ್ಡಿನ ಅಂಗಡಿ;
ಒಬ್ಬಳು ಒಳಗಿದ್ದರೆ ಇನ್ನೊಬ್ಬಳು
ಕೊಡೆ ಬಿಚ್ಚಿಕೊಂಡು, ಎಂಥ ಮಳೆಯಿರಲಿ,
ಹೊರಗೇ ನಿಲ್ಲುತ್ತಾಳೆ.

ಫೆಬ್ರವರಿಯ ಒಂದು ಬೆಳಗ್ಗೆ ಡೊಸಿಂಡಳ ಗಂಟಲು ಕಟ್ಟಿತು.
ಕೂಗಲಾರದವಳು ಕಾಯುವುದೇನು?
ಉಳಿ ತಗೊಂಡು ನನ್ನ ಜಾಗಕ್ಕೆ ಇಳಿಯುವ ಮೊದಲು
ಭುಜ ಹಿಡಿದು ನನ್ನನ್ನು ಕಡಲಿಗೆ ತಿರುಗಿಸಿ
ಪಿಸುಗುಟ್ಟಿದಳು: "ಪೆರ್ಸೆಬೆಸ್?"
ನಮ್ಮ ನುಡಿಯಲ್ಲಿ ಈ ಚಿಪ್ಪುಗಳ ಹೆಸರಿಗೂ
ತಿಳಿಯಿತಾ ಎಂಬುದಕ್ಕೂ ಒಂದೇ ಸದ್ದು.
ಚಿಪ್ಪು ಎಂದುಕೊಂಡು ತಲೆಯಾಡಿಸಿದೆ.

ಆಮೇಲೆ ಕಡಲು.
ದೂರದಲ್ಲಿ ಒಂದು ಗೆರೆ ದಪ್ಪವಾಗುವುದು,
ಐದು ಸಣ್ಣವು, ಆರನೆಯದು ಬರಬೇಕಾದಲ್ಲಿ ಬಾರದಿರುವುದು,
ನೀರು ಹಿಂದೆ ಸರಿದು
ಬಂಡೆಯ ಬುಡ ಬತ್ತಲಾದಾಗಿನ ಆ ಮೌನ.
ರೆಪ್ಪೆ ಬಡಿಯಲೂ ಹೆದರಿಕೆ.
ತಿರುಗಿ ನೋಡದೆಯೇ
ನಾಲ್ವರೂ ನನ್ನ ಬೆನ್ನಿನಲ್ಲಿದ್ದರು:
ಮರುಷಳ ಕೆಮ್ಮು, ಸಿಪ್ರಿಯಾನೊನ ಉಳಿಯ ಟಕ್ಕುಟಕ್ಕು,
ಹಗ್ಗ ಕಲ್ಲಿಗೆ ಉಜ್ಜಿದ ಸದ್ದಿನಲ್ಲೇ
ಯಾರು ಎಷ್ಟು ಕೆಳಗೆ ಎಂಬ ಲೆಕ್ಕ.
ಎಲ್ವಿರ ಏನೋ ಕೇಳಿದಳು.
ನಾನು ಉತ್ತರ ಕೊಡಲಿಲ್ಲ.
ಆಗ ಗೊತ್ತಾಯಿತು, ನನ್ನ ಬೆನ್ನೂ
ಈಗ ಯಾರಿಗೋ ಅಗಲವಾಗುತ್ತಿದೆ ಎಂದು.

"ಕಡಲು!" ಎಂದು ಕಿರುಚಿದೆ.
ಎಚ್ಚರಿಕೆಗೆ ಇಲ್ಲಿ ಬೇರೆ ಪದವಿಲ್ಲ.
ಮೂವರು ಹತ್ತಿದರು.
ಡೊಸಿಂಡ, ಎಲ್ಲರಿಗೂ ಪಾಠ ಹೇಳಿದ ಡೊಸಿಂಡ,
ಇನ್ನೊಂದೇ ಗೊಂಚಲಿಗೆ ಕೈ ಹಾಕಿದಳು.

ಟೋಪಿ ಹೋಯಿತು. ಚೀಲ ಹೋಯಿತು.
ಹಗ್ಗ ಎಳೆದೆವು. ಬಂದಳು.
ಕಲ್ಲಿನ ಮೇಲೆ ಕೂತು ನೀರು ಕಾರಿ
ಮೊದಲ ಸಲ ನೇರ ನನ್ನ ಮುಖ ನೋಡಿದಳು.
ಹಸಿರು ಕಣ್ಣು. ಗೊತ್ತೇ ಇರಲಿಲ್ಲ ನನಗೆ.
ಸದ್ದಿಲ್ಲದ ತುಟಿ ಆಡಿದ್ದು ಒಂದೇ ಪದ:
"ತಡ."
ಯಾರದ್ದು ಎಂದು ಹೇಳಲಿಲ್ಲ.
ನಾನೂ ಕೇಳಲಿಲ್ಲ.

ರಾತ್ರಿ ಅಮ್ಮ ಸೂಪು ಕಲಕುತ್ತಾ
ಊರಿನ ಬಾಯಿಂದ ಆಗಲೇ ಎಲ್ಲ ಕೇಳಿದ್ದವಳು,
"ನೀರು ಹಿಂದೆ ಸರಿದದ್ದು ಕಂಡಿತಾ?"
ಕಂಡಿತು.
"ಕಂಡು ಎಷ್ಟು ಹೊತ್ತಿಗೆ ಕೂಗಿದೆ?"
ಗೊತ್ತಿಲ್ಲ ಅಮ್ಮ.

ಸೌಟು ನಿಂತಿತು.
ಗೊತ್ತಿಲ್ಲ ಎಂಬ ಮಾತನ್ನು
ಆ ಅಲೆಯ ಬಗ್ಗೆ ನಮ್ಮ ಮನೆಯಲ್ಲಿ
ಈವರೆಗೆ ಯಾರೂ ಆಡಿರಲಿಲ್ಲ.

ಶನಿವಾರ ಜೋರು ಮಳೆ.
ಬ್ರೆಡ್ಡಿಗೆ ನನ್ನನ್ನು ಕಳಿಸದೆ
ಅಮ್ಮ ತಾನೇ ಕುಂಟುತ್ತಾ ಹೊರಟಳು.
ಕೊಡೆ ಒಯ್ಯಲಿಲ್ಲ.